ನನ್ನ ಲೆಕ್ಕದ ಒಂದು ಮಲ್ಲಿಗೆ

ಗಣಿತದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂದು ನಂಬಿಕೊಂಡೇ ಐವತ್ತು ವರ್ಷ ಸುಖವಾಗಿ ಬಾಳಿದ್ದೆ. ಆ ಭಾನುವಾರ ಬೆಳಿಗ್ಗೆ ಮಗಳು ಸ್ವಾತಿ ಪಿಯುಸಿಯ ಅಭ್ಯಾಸದ ಹಾಳೆ ಹಿಡಿದು ಶಂಕರಪುರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದಳು. ಒಂದು, ಎರಡು, ನಾಲ್ಕು, ಎಂಟು ಎಂದು ಇಮ್ಮಡಿಯಾಗುತ್ತಾ ಹೋಗುವ ಶ್ರೇಣಿ. ಅದರ ಹನ್ನೆರಡು ಪದಗಳ ಮೊತ್ತವೆಷ್ಟು? ನಾನು ಎರಡನ್ನು ಹನ್ನೆರಡು ಸಲ ಗುಣಿಸಿ 4096 ಎಂದು ತೀರ್ಪು ಕೊಟ್ಟೆ. ಅವಳ ಉತ್ತರ 4095.

"ಸೂತ್ರದಲ್ಲಿ ಒಂದು ಕಳೀಲಿಕ್ಕೆ ಉಂಟು ಪಪ್ಪ," ಎಂದಳು.

ಕಳೆಯಲು ಒಂದೇನು ಬಿಟ್ಟಿ ಬಿದ್ದಿದೆಯೇ? ಕಣ್ಣಾರೆ ತೋರಿಸುತ್ತೇನೆಂದು ಪಂಚೆ ಎತ್ತಿ ಕಟ್ಟಿದೆ.

ಹೆಂಡತಿ ಶಾಂಭವಿ ಕೊಯ್ದಿಟ್ಟ ಒಂದು ಅಟ್ಟೆ ಮಲ್ಲಿಗೆ, ಅಂದರೆ ಮೂರು ಸಾವಿರದ ಇನ್ನೂರು ಮೊಗ್ಗು, ಜಗಲಿಯ ಬುಟ್ಟಿಯಲ್ಲಿತ್ತು. ಸಂಜೆ ಕಾಪುವಿನಲ್ಲಿ ಅವಳ ಅಣ್ಣನ ಮಗಳ ನಿಶ್ಚಿತಾರ್ಥ. ಮದುಮಗಳ ಜಡೆಗೆ ತನ್ನ ಕೈಯಾರೆ ಕಟ್ಟಿದ ಹೂವೇ ಎಂದು ಊರಿಗೆಲ್ಲ ಸಾರಿದ್ದಳು. ರವಕೆ ತಂದ ಮೇಲೆ ಕಟ್ಟುತ್ತೇನೆ, ಅಲ್ಲಿಯವರೆಗೆ ಬುಟ್ಟಿಯ ಒದ್ದೆ ಬಟ್ಟೆ ತೆಗೆಯಬೇಡಿ ಎಂದು ಹೇಳಿ ದರ್ಜಿಯಲ್ಲಿಗೆ ಹೋಗಿದ್ದಳು.

ತೆಗೆದೆ!

ಅಂಗಳದಲ್ಲಿ ಒಂದು ಮೊಗ್ಗು, ಪಕ್ಕದಲ್ಲಿ ಎರಡು, ಆಮೇಲೆ ನಾಲ್ಕು. ಹನ್ನೊಂದು ರಾಶಿಯಾಗುವಾಗ ಸೊಂಟ ಹಿಡಿಯಿತು. ಹನ್ನೆರಡನೆಯದಕ್ಕೆ 895 ಮೊಗ್ಗು ಕಡಿಮೆ ಬಿತ್ತು. ವಿದ್ವಾಂಸರಾದವರು ಅರ್ಧದಲ್ಲಿ ನಿಲ್ಲಿಸಬಹುದೇ? ಮಲ್ಲಿಗೆ ಬೆಳೆಯುವ ಪಕ್ಕದ ಮನೆಯ ಲಲಿತಕ್ಕನಲ್ಲಿಗೆ ಓಡಿದೆ. ನಿಶ್ಚಿತಾರ್ಥಕ್ಕಿರಬೇಕೆಂದು ಅವರು ಸಂತೋಷದಿಂದ ಎಣಿಸಿಯೇ ಕೊಟ್ಟರು, ಉಳಿದದ್ದನ್ನು ಪೇಟೆಗೆ ಹೋಗುವ ಹೂವಿನ ಗಾಡಿಗೆ ಹಾಕಿದರು.

ಎಲ್ಲ ರಾಶಿ ಕೂಡಿಸಿ ಎಣಿಸಿದೆ. 4095. ಒಂದು ಎಲ್ಲೋ ಉರುಳಿರಬೇಕೆಂದು ಮತ್ತೆ ಎಣಿಸಿದೆ. 4095! ತುಳಸಿಕಟ್ಟೆಯ ಸುತ್ತ ತಡಕಾಡಿ ಮೂರನೆಯ ಸಲ ಕುಳಿತೆ. ಮಗಳು ಅಷ್ಟರಲ್ಲಿ ದ್ವಿಪದ ಪ್ರಮೇಯಕ್ಕೆ ದಾಟಿದ್ದಳು. ಸೂರ್ಯ ನೆತ್ತಿಗೆ ಬಂದಿದ್ದ.

ಗೇಟಿನ ಸದ್ದಿಗೆ ತಲೆ ಎತ್ತಿದರೆ ಶಾಂಭವಿ. ಅಂಗಳದ ಬಿಸಿಲಿಗೆ ಮೊಗ್ಗುಗಳೆಲ್ಲ ಬಾಡಿ ಕಂದಿದ್ದವು. ಅವಳ ಕಣ್ಣು ತುಂಬಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ. ಅಣ್ಣನಿಗೆ ಫೋನು ಮಾಡಿ ಮದುಮಗಳಿಗೆ ಅಲ್ಲಿಯೇ ಹೂವು ತರಿಸಲು ಹೇಳಿದಳು. ನನ್ನ 4096ರ ಕಥೆಯನ್ನೆಲ್ಲ ಮಗಳ ಬಾಯಿಂದ ಕೇಳಿದಳು. ಸೀರೆ ಉಟ್ಟು, ಬರಿಜಡೆಯಲ್ಲಿ ಹೊರಟು ನಿಂತು, ನನ್ನ ಮುಂದೆ ಕೈ ಚಾಚಿದಳು.

"ನಿಮ್ಮ ಲೆಕ್ಕದಲ್ಲಿ ಒಂದು ಹೂ ಜಾಸ್ತಿ ಉಂಟಲ್ವಾ? ಅದನ್ನಾದ್ರೂ ಕೊಡಿ ಮಾರಾಯ್ರೆ, ನಾನು ಮುಡ್ಕೊಳ್ತೇನೆ."

ನಾನು ತುಳಸಿಕಟ್ಟೆಯ ಹಿಂದೆ ಇನ್ನೊಮ್ಮೆ ಹುಡುಕಲು ಹೋದೆ.