ತಾತನ ಗಾಜು, ಮಾಮನ ದೇವದಾರು

ನನ್ನ ಮದುವೆ ತಪ್ಪಿಸಲು ನಮ್ಮ ಸೋದರಮಾವ ಪಟ್ಟಷ್ಟು ಪಾಡನ್ನು ಯಾವ ಶತ್ರುವೂ ಪಟ್ಟಿರಲಾರ. ಪಾಪ, ತಾನು ಮಾಡುತ್ತಿರುವುದು ಅದೇ ಎಂದು ಅವನಿಗೆ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು!

ಮಾಮ ಆದೋನಿಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು, ಮದುವೆಯಾಗದವನು. ನಮ್ಮಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಮನೆಗೆ ಕರೆತಂದು ಸಾಕಿದವನು. ಎಂಬತ್ತರ ದಶಕದ ಆರಂಭದಲ್ಲಿ ಬದರಿಗೆ ಹೋಗಿಬಂದ. ಬೇರೆಯವರು ಅಲ್ಲಿಂದ ಗಂಗೆ ತರುತ್ತಾರೆ, ಪ್ರಸಾದ ತರುತ್ತಾರೆ. ಇವನು ಜೇಬಿನ ತುಂಬ ದೇವದಾರು ಬೀಜ ತಂದು ಮಾಳಿಗೆಯ ಮೇಲೆ ಕುಂಡಗಳಲ್ಲಿ ಬಿತ್ತಿದ. ಹಿಮಾಲಯದ ಮರ, ಆದೋನಿಯ ಬಿಸಿಲು! ಕಾರ್ತಿಕ ಕಳೆಯುವಷ್ಟರಲ್ಲಿ ಸೂಜಿಯಂಥ ಎಲೆಗಳು ಎದ್ದೇಬಿಟ್ಟವು.

"ಗುಡ್ಡದ ಮ್ಯಾಲೆ ಗಾಳಿ ತೆಳ್ಳಗಿರತೈತಿ ಅಕ್ಕಾ. ಅತಿನೇರಳೆ ಕಿರಣದ ಹೊಡತ ಜಾಸ್ತಿ. ಅದನ್ನ ತಡಕೊಂಡು ಸಸಿ ಗಿಡ್ಡ ಆಗತಾವ, ಗಟ್ಟಿ ಆಗತಾವ. ಗಾಜು ಮುಚ್ಚಿದ್ರ ಆ ಕಿರಣ ಬಾಳಷ್ಟು ಹೊರಗ ನಿಲ್ಲತಾವ. ಅರ್ಧ ಕುಂಡಕ್ಕ ಗಾಜು, ಅರ್ಧ ಬಯಲಿಗೆ. ನೋಡೇಬಿಡೂಣು!"

"ಗಾಜು ಎಲ್ಲಿಂದ ತರತೀಯೋ?" ಎಂದಳು ಅಮ್ಮ.

ಮಾಮ ಗೋಡೆಯ ಫೋಟೋಗಳ ಕಡೆ ನೋಡಿದ. ಅಮ್ಮ ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಮರುದಿನ ನಡುಮನೆಯ ಒಂದು ಫೋಟೋಕ್ಕೂ ಗಾಜಿರಲಿಲ್ಲ! ದೇವರುಗಳು ಗಾಳಿಗೆ ಕೂತಿದ್ದರು. ಅಮ್ಮನೋ, ರೂಢಿಬಿಡದೆ ದಿನಾ ಬೆಳಿಗ್ಗೆ ಒದ್ದೆ ಕೈಯಲ್ಲೇ ತನ್ನಪ್ಪನ, ಅಂದರೆ ನಮ್ಮ ತಾತನ ಫೋಟೋಕ್ಕೆ ಗಂಧ ಹಚ್ಚುವವಳು. ಮಾಘಮಾಸ ಬರುವಷ್ಟರಲ್ಲಿ ತಾತನ ಎಡಗಣ್ಣು ಪೂರ್ತಿ ಅಳಿಸಿಹೋಗಿತ್ತು.

ಗಂಡಿನ ಕಡೆಯವರು ಮಂತ್ರಾಲಯದಿಂದ ನನ್ನನ್ನು ನೋಡಲು ಬಂದದ್ದು ಆಗಲೇ. ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವು. ಇದೊಂದಾದರೂ ಕೂಡಲಿ ಎಂದು ಅಮ್ಮ ರಾಯರಿಗೆ ಹರಕೆ ಹೊತ್ತಿದ್ದಳು. ಉಪ್ಪಿಟ್ಟು ತಿನ್ನುತ್ತಿದ್ದ ಗಂಡಿನ ತಂದೆ ಗೋಡೆಯ ಕಡೆ ನೋಡಿದವರು ಕೈತುತ್ತು ತಟ್ಟೆಗೇ ಬಿಟ್ಟರು.

"ನಿಮ್ಮ ತಂದೆಯವರಿಗೆ ಒಂದೇ ಕಣ್ಣಿತ್ತೇನ್ರಿ? ಇದು ವಂಶದಾಗ ಐತೇನು?"

ಅಮ್ಮ ಬಾಗಿಲು ಹಿಡಿದುಕೊಂಡಳು. ಮಾಮ ಮಾತ್ರ ಖುಷಿಯಿಂದ ಎದ್ದ. "ಎರಡೂ ಇದ್ವುರಿ! ಒಂದು ಗಂಧಕ್ಕ ಹೋತು. ಗಾಜು ಮ್ಯಾಲೈತಿ, ಬರ್ರಿ ತೋರಸ್ತೀನಿ."

ಹೆಣ್ಣು ನೋಡಲು ಬಂದವರೆಲ್ಲ ಏಣಿ ಹತ್ತಿ ದೇವದಾರು ನೋಡಿದರು! ಗಾಜಿನ ಕೆಳಗಿನ ಸಸಿಗಳು ಉದ್ದವಾಗಿ, ಎಳಸಾಗಿ ಬೆಳೆದಿದ್ದವು. ಬಯಲಿನವು ಗಿಡ್ಡ, ಗಟ್ಟಿ. ಮಾಮ ಅರ್ಧ ತಾಸು ಪಾಠ ಮಾಡಿದ. ನಾನು ಕೆಳಗೆ ಕೂತು ಮೂರನೆಯ ಸಂಬಂಧಕ್ಕೂ ಎಳ್ಳುನೀರು ಬಿಟ್ಟೆ.

ಅಷ್ಟರಲ್ಲಿ ಗಂಡು ಕೇಳಿದ್ದು ಮಾಳಿಗೆಯ ಕಿಂಡಿಯಿಂದ ಕೇಳಿಸಿತು. "ಈ ಎಳೇವನ್ನ ಬಯಲಿಗೆ ಇಟ್ಟರ ಏನಾಗತಾವರಿ?"

"ಒಮ್ಮೆಲೇ ಇಟ್ಟರ ಬಾಡತಾವಪಾ. ಇವತ್ತ ಒಂದು ತಾಸು ಹೊರಗ, ನಾಳೆ ಎರಡು ತಾಸು. ನಡುನಡುವ ಮತ್ತ ಗಾಜಿನ ಕೆಳಗ. ತಡಕೊಳ್ಳೂದು ಕಲೀತಾವ."

ಗಂಡಿನ ತಂದೆ ನಗುತ್ತಲೇ ಕೆಳಗಿಳಿದರು. "ಮಂಚಿದಿ, ಬೇಷಾತು! ಗಿಡಕ್ಕೇ ಇಷ್ಟು ಜೋಪಾನ ಮಾಡೋ ಮನಿ. ಹುಡುಗೀನೂ ಚೊಲೊ ಬೆಳಸ್ಯಾರ" ಎಂದರು. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು!

ವೈಶಾಖದಲ್ಲಿ ಮದುವೆಯಾಯಿತು. ಸೇರಬೇಕಾದ್ದು ಹದಿನೆಂಟು ಮಂದಿಯ ಮನೆ. ಕಳಿಸಿಕೊಡುವಾಗ ಮಾಮ ಬೀಗರ ಮುಂದೆ ಕೈಮುಗಿದು ಕೇಳಿದ್ದು ಒಂದೇ ಮಾತು: "ಮೊದಲ ಸಲ ನಿಮ್ಮಲ್ಲಿ ಎಂಟು ದಿನ ಇರಲಿರಿ, ಆಮೇಲೆ ಹದಿನೈದು. ಆಷಾಢಕ್ಕ ನಾನ ಬಂದು ಕರಕೊಂಡು ಹೋಗತೀನಿ, ಮತ್ತ ಪಂಚಮಿಗೆ." ಮಗಳನ್ನು ಹೀಗೆ ಕರೆಸಿ ಕಳಿಸುವುದು ಎಲ್ಲರ ಮನೆಯ ಪದ್ಧತಿಯೇ. ಲೆಕ್ಕ ಮಾತ್ರ ಮಾಳಿಗೆಯದು ಎಂದು ನನ್ನ ಗಂಡನಿಗೂ ನನಗೂ ಹೊಳೆಯಿತು. ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

ಪಂಚಮಿಗೆ ಬಂದಾಗ ಮಾಮ ಬಾಗಿಲಲ್ಲೇ ನಿಂತಿದ್ದ. ಒಳಗೆ ಗೋಡೆಯ ಮೇಲೆ ಒಂಟಿಗಣ್ಣಿನ ತಾತನಿಗೆ ಗಾಜು ಮರಳಿ ಬಂದಿತ್ತು. ಬೇಸಗೆ ದಾಟಿದ್ದು ಒಂದೇ ಒಂದು ಸಸಿ, ಅದಕ್ಕೆ ಇನ್ನು ಗಾಜು ಬೇಡವಂತೆ. ಹೇಗಿದ್ದೀ ಎಂದು ಕೇಳುವ ಬದಲು ಮಾಮ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ದಿನಾ ಎಲೆ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ.

"ಬಾಡಿಲ್ಲ ಅಕ್ಕಾ!" ಎಂದು ಒಳಗೆ ಕೂಗಿ ಹೇಳಿದ. "ತಡಕೊಂಡಾಳ!"

ಆಮೇಲೆ ಗಿಡಕ್ಕೆ ನೀರು ಹಾಕುತ್ತೇನೆಂದು ಬರಿಗೈಯಲ್ಲೇ ಮಾಳಿಗೆ ಹತ್ತಿದವನು, ಎಷ್ಟೋ ಹೊತ್ತು ಕೆಳಗಿಳಿಯಲಿಲ್ಲ.