ನಾನು ತಿಕ್ಕಿದ ಕರಿ ಬಿಲ್ಲೆ

ನಾನು ಕೈಯಿಟ್ಟ ಕಡೆ ಏನಾದರೂ ಒಂದು ಆಗುತ್ತಲೇ ಇರುತ್ತದೆ. ಓದಿದ್ದು ನಾಲ್ಕನೇ ಕ್ಲಾಸು. ಕೆಲಸ ಯಲಹಂಕದ ಕಡೆ ಒಂದು ಕಾಲೇಜಿನ ಲ್ಯಾಬಿನಲ್ಲಿ, ಅಟೆಂಡರು.

ಕರಿ

ಲ್ಯಾಬಿನ ಮೇಡಂ ಉಗುರಗಲದ ಬಿಲ್ಲೆ ಮೇಲೆ ತೆಳ್ಳಗೆ ಕರಿ ಪದರ ಕೂರಿಸುತ್ತಿದ್ದರು. ಅದನ್ನು ಐಸಿಗಿಂತ ತಣ್ಣಗೆ ಮಾಡಿದರೆ ಕರೆಂಟು ಚೂರೂ ಸೋರದೆ ಹರಿಯುತ್ತದಂತೆ. ನನಗೆ ಯಾರೂ ಹೇಳಿರಲಿಲ್ಲ. ಬಿಲ್ಲೆ ಮಸಿ ಹಿಡಿದಿದೆ ಅಂದುಕೊಂಡು ನಾರಲ್ಲಿ ತಿಕ್ಕಿದೆ. ಫಳಫಳ ಅಂತು. ಮೇಡಂ ನೋಡಿ ಕುರ್ಚಿ ಹಿಡಿದುಕೊಂಡು ಕೂತರು. ಒಂದು ವಾರದ ಕೆಲಸವಂತೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಮನೇಲಿ ಒಂದಿನ ತಪ್ಪಲೆ ತಿಕ್ಕಿದೋರಲ್ಲ," ಅಂದಳು. "ಅಲ್ಲೋಗಿ ತಿಕ್ಕುದ್ರಾ?"

ಸೊಟ್ಟ

ಮತ್ತೆ ಹಾಗಾಗಬಾರದು ಅಂತ ಮೇಡಂ ಕಂಪ್ಯೂಟರಲ್ಲಿ ಆ ಪದರ ದೊಡ್ಡದು ಮಾಡಿ ತೋರಿಸಿದರು. ಹೊಲದ ಪಕ್ಕ ಹೊಲ ಇದ್ದ ಹಾಗೆ ಸಣ್ಣ ಸಣ್ಣ ಹರಳು, ನಡುವೆ ಬದು. ಕರೆಂಟು ಮುಗ್ಗರಿಸೋದು ಬದುವಿನಲ್ಲೇ ಅಂತೆ. ಕೆಲವು ಬದು ಹಾವಿನ ಹಾಗೆ ಸೊಟ್ಟ. ದಾರ ಹಿಡಿದು ನೇರ ಮಾಡಿಕೊಡಲಾ ಅಂದೆ.

"ಬೇಡಪ್ಪಾ. ಸೊಟ್ಟ ಇದ್ರೆ ಬದು ಉದ್ದ ಆಗುತ್ತೆ, ದಾಟೋಕೆ ಜಾಗ ಜಾಸ್ತಿ. ನೇರ ಬದುಗಿಂತ ಇದ್ರಲ್ಲೇ ಕರೆಂಟು ಚೆನ್ನಾಗಿ ಹೋಗೋದು."

ಎದೆ ಉಬ್ಬಿತು. ಅಟ್ಟೂರಲ್ಲಿ ನಮ್ಮ ಮನೆಗೂ ತಮ್ಮನ ಮನೆಗೂ ನಡುವಿನ ಗೋಡೆ ನಾನೇ ಕಟ್ಟಿದ್ದು. ಮೂರು ಕಡೆ ಸೊಟ್ಟ. ಊರೆಲ್ಲ ನಕ್ಕಿತ್ತು. ಇಲ್ಲಿ ಸೊಟ್ಟ ಬರಿಸಿದವರಿಗೆ ಡಾಕ್ಟರೇಟೇ ಕೊಡುತ್ತಾರೆ.

ಗೋಡೆ

ಹೋದ ವರ್ಷ ಹೆಂಡತಿ ತೀರಿಕೊಂಡಳು. ಮೊನ್ನೆ ತಮ್ಮ ಮೇಸ್ತ್ರಿ ಕರೆದುಕೊಂಡು ಬಂದ, ಗೋಡೆ ಒಡೆದು ನೇರ ಕಟ್ಟಿಸಲು. ಅದರ ಒಂದು ಸೊಟ್ಟ ತಿರುವಿನಲ್ಲಿ ನನ್ನವಳೂ ತಮ್ಮನ ಹೆಂಡತಿಯೂ ದಿನಾ ನಿಂತು ಸಾರು ಪಲ್ಯ ದಾಟಿಸುತ್ತಿದ್ದರು. ನನ್ನವಳು ಮೊಣಕೈ ಊರುತ್ತಿದ್ದ ಜಾಗ ನುಣ್ಣಗಾಗಿದೆ. ಅದು ಉಳಿಯಬೇಕಿತ್ತು ನನಗೆ. ಹಾಗಂತ ಹೇಳಲು ಬಾಯಿ ಬರಲಿಲ್ಲ. ಮೇಡಂ ಹೇಳಿದ ಬದುವಿನ ಪಾಠ ಒಪ್ಪಿಸಿದೆ. ಸೀಮೆಸುಣ್ಣದಲ್ಲಿ ಬದು ಬರೆದೆ. ಮೇಸ್ತ್ರಿ ಬೀಡಿ ಹಚ್ಚಿದ. ತಮ್ಮ ನನ್ನ ಹಣೆ ಮುಟ್ಟಿ ನೋಡಿದ.

ಅವನ ಹೆಂಡತಿ ಒಳಗಿಂದ ಬಂದಳು. ನನ್ನ ಮುಖ ನೋಡಿದಳು. ಗೋಡೆ ಮುಟ್ಟಬೇಡ ಅಂತ ಮೇಸ್ತ್ರಿಯನ್ನು ಕಳಿಸಿಬಿಟ್ಟಳು. ನನ್ನ ಪಾಠ ಗೆದ್ದಿತು ಅಂದುಕೊಂಡೆ.

"ಸೊಟ್ಟಗೇ ಇರ್ಲಿ ಭಾವ," ಅಂದಳು. "ಆದ್ರೆ ಅಕ್ಕ ಇದ್ದಾಗ ಪಾತ್ರೆ ಎರಡೂ ಕಡೆ ಓಡಾಡ್ತಿದ್ವು. ಈಗ ನಾನು ಸಾರು ಕೊಟ್ಟ ಹನ್ನೊಂದು ಪಾತ್ರೆ ನಿಮ್ಮ ಕಡೇನೇ ನಿಂತವೆ. ತಿಕ್ಕಿ ಕಳ್ಸಿ."

ಬಿಸಿ ಮಾಡಲು ಹೋಗಿ ಎಲ್ಲದರ ತಳ ಸೀಯಿಸಿದ್ದೆ. ತಿಕ್ಕಲು ಕೂತೆ. ಕೈ ಅದೇ, ನಾರೂ ಅದೇ.

ಈ ಕರಿ ಮಾತ್ರ ಹೋಗಲೇ ಇಲ್ಲ.