ಹಳಿಯ ಮೇಲೆ ನಿಂತ ಸಣ್ಣ ಕಾರು

ಅಗ್ಗದ ಸಣ್ಣ ಕಾರಿನ ಬಗ್ಗೆ ಪತ್ರಿಕೆಯಲ್ಲಿ ಓದುವುದು ಬೇರೆ, ಅದರ ಹಿಂದಿನ ಸೀಟಿನಲ್ಲಿ ಕುಳಿತು ಎದುರಿಗೆ ರೈಲು ಬರುವುದನ್ನು ನೋಡುವುದು ಬೇರೆ. ಮೊದಲನೆಯದನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಎರಡನೆಯದನ್ನು ಒಂದೇ ಸಲ ಮಾಡಿದ್ದು, ಆದರೆ ಅದು ಇನ್ನೂ ಮುಗಿದಂತೆ ಅನಿಸುತ್ತಿಲ್ಲ. ಊಟಕ್ಕೆ ಕುಳಿತಾಗ ಬರುತ್ತದೆ, ಪಾಠ ಮಾಡುವಾಗ ಬರುತ್ತದೆ, ಮುಖಕ್ಷೌರಕ್ಕೆ ಗಲ್ಲ ಒಡ್ಡಿದಾಗಲಂತೂ ತಪ್ಪದೆ ಬರುತ್ತದೆ. ನಮ್ಮ ಕ್ಷೌರಿಕ ಈಗ ಕತ್ತಿ ಹಿಡಿಯುವ ಮುಂಚೆ, "ಸ್ವಾಮಿ, ರೈಲು ಓಯ್ತಾ?" ಎಂದು ಕೇಳಿಯೇ ಶುರು ಮಾಡುತ್ತಾನೆ.

ಸಣ್ಣ ಕಾರಿನ ಹುಚ್ಚು ಆಗ ಎಲ್ಲರಿಗೂ ಇತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ, ಗುಮಾಸ್ತನೂ ಕೊಳ್ಳಬಹುದಂತೆ ಎಂದು ಪತ್ರಿಕೆಗಳು ಬರೆಯುತ್ತಲೇ ಇದ್ದವು. ನಮ್ಮ ಕಡೆ ಅಲ್ಲಿಯವರೆಗೆ ಕಾರೆಂದರೆ ಗಣಿಯ ದೊರೆಗಳ ಕಾರು. ಕೆ.ಜಿ.ಎಫ್. ರಸ್ತೆಯಲ್ಲಿ ಅದು ಬಂತೆಂದರೆ ಎತ್ತಿನ ಗಾಡಿ, ಸೈಕಲ್ಲು, ಕುರಿಮಂದೆ ಎಲ್ಲವೂ ಮೋರಿಗೆ ಇಳಿದು ನಿಲ್ಲಬೇಕು. ಅಂಥ ಮೋರಿಯಲ್ಲಿ ನಿಂತು ಬೆಳೆದವನಿಗೆ, ಒಂದು ದಿನ ತಾನೂ ಹಾರನ್ ಒತ್ತಿ ಯಾರನ್ನಾದರೂ ಮೋರಿಗೆ ಇಳಿಸಬೇಕೆಂಬ ಆಸೆ ಹುಟ್ಟದಿದ್ದೀತೆ? ಮೈಸೂರಿಗೆ ಹೋಗಿ ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿ, ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನನಗೂ ಆ ಆಸೆ ಇತ್ತು. ಹಾಲಿನ ವ್ಯಾಪಾರದ ನಾರಾಯಣಪ್ಪ ಅದರಲ್ಲಿ ಕ್ಯಾನುಗಳು ಹಿಡಿಸುತ್ತವೆಯೇ ಎಂದು ಕೇಳುತ್ತಿದ್ದ. ಪಕ್ಕದ ಮನೆಯ ಅಜ್ಜಿ, ತಾನು ಕಾಲು ಚಾಚಿ ಮಲಗಬಹುದೇ ಎಂದು ಕೇಳುತ್ತಿದ್ದಳು. ಕೊಳ್ಳುವವರಿಗೇನೂ ಕೊರತೆ ಇರಲಿಲ್ಲ. ಆದರೆ ನಮ್ಮೂರಿನ ಪದ್ಧತಿಯೆಂದರೆ, ಬೇರೆ ಯಾರಾದರೂ ಮೊದಲು ಕೊಳ್ಳಬೇಕು. ರೇಡಿಯೋ ಬಂದಾಗಲೂ ಹಾಗೆಯೇ ಆಗಿತ್ತು. ಅಂಗಡಿಯವನು ಒಂದನ್ನೂ ಮಾರಲಾಗದೆ ತಾನೇ ಬೆಳಗಿನಿಂದ ಸಂಜೆಯವರೆಗೆ ಕೇಳಿ, ಕೊನೆಗೆ ಅಂಗಡಿ ಮುಚ್ಚಿಕೊಂಡು ಹೋದ.

ಮೊದಲು ಕೊಳ್ಳುವುದಿರಲಿ, ಮಾರುವುದಕ್ಕೇ ಹೊರಟವರು ನಮ್ಮ ಮಾವ. ಮಾವನವರ ಹೆಸರು ಮುನಿವೆಂಕಟಪ್ಪ. ಚಾಂಪಿಯನ್ ರೀಫ್ಸ್‌ನ ಗಣಿಯಲ್ಲಿ ಆಳುಗಳನ್ನು ಹೊತ್ತ ಕೇಜನ್ನು, ಅಂದರೆ ಕಬ್ಬಿಣದ ತೊಟ್ಟಿಲನ್ನು, ಏರಿಸಿ ಇಳಿಸುವ ದೊಡ್ಡ ಎಂಜಿನ್ನಿನ ಡ್ರೈವರಾಗಿದ್ದು ಆಗತಾನೇ ನಿವೃತ್ತರಾಗಿದ್ದರು. ನಿವೃತ್ತಿಯ ಹಣ ಕೈಗೆ ಬಂದ ವಾರವೇ ಬೆಂಗಳೂರಿನಿಂದ ಗೋಪಿನಾಥ್ ಎಂಬ ಟೈ ಕಟ್ಟಿದ ಮನುಷ್ಯ ಅವರನ್ನು ಹುಡುಕಿಕೊಂಡು ಬಂದ. ಯಾವುದೋ ಹೊಸ ಕಂಪನಿ ಅಗ್ಗದ ಸಣ್ಣ ಕಾರು ಮಾಡುತ್ತದಂತೆ, ಕೋಲಾರ ಜಿಲ್ಲೆಗೆಲ್ಲ ಮಾವನವರೇ ಏಜೆಂಟರಂತೆ, ಹಣ ಮಾತ್ರ ಮೊದಲೇ ಕಟ್ಟಬೇಕಂತೆ. ಎಲ್ಲ ಹಣ. ನನ್ನ ಹೆಂಡತಿ ಜಯಮ್ಮ ರಾತ್ರಿಯಿಡೀ ಅತ್ತಳು.

"ಏನ್ರೀ, ನಮ್ಮಪ್ಪ ಯಾರ ಮಾತೂ ಕೇಳಾಕಿಲ್ಲ. ಓದಿರೋ ಅಳಿಯ ಅಂತ ನಿಮ್ಮ ಮಾತು ಒಂದು ಕೇಳ್ತಾನೆ. ನೀವು ಬ್ಯಾಡ ಅನ್ಬೇಕು ಅಷ್ಟೆ."

"ಆಗಲಿ," ಎಂದೆ. ಭಾನುವಾರ ಗೋಪಿನಾಥ್ ಕಾರು ತಂದು ತೋರಿಸುವವನಿದ್ದ. ನೋಡಿ, ಒಂದು ಸುತ್ತು ಬಂದು, 'ಬೇಡ' ಎನ್ನುವುದೆಂದು ತೀರ್ಮಾನವಾಯಿತು.

ಕಾರು ಬಂತು. ಅದನ್ನು ನೋಡಿದ ಕೂಡಲೇ ನಮ್ಮ ಬೀದಿಯವರು ಅದಕ್ಕೆ ಇಲಿಬೋನು ಎಂದು ಹೆಸರಿಟ್ಟರು. ಮೇಲೆ ಕ್ಯಾನ್‌ವಾಸು, ಸುತ್ತ ತಗಡು, ಎರಡೇ ಬಾಗಿಲು, ಸ್ಕೂಟರಿಗಿಂತ ಸ್ವಲ್ಪ ಜೋರಾಗಿ ಕೆಮ್ಮುವ ಎಂಜಿನ್ನು. ಆದರೆ ಬಣ್ಣ ಮಾತ್ರ ಹಸಿ ಮಾವಿನಕಾಯಿಯ ಹಾಗೆ ಹೊಳೆಯುತ್ತಿತ್ತು. ನಿಜ ಹೇಳುತ್ತೇನೆ, 'ಬೇಡ' ಎಂಬ ಮಾತು ನನ್ನ ಗಂಟಲಲ್ಲಿ ಅಲ್ಲೇ ಸ್ವಲ್ಪ ಕರಗಿತು. ಮುಂದಿನ ಸೀಟು ಮಡಚಿ ನನ್ನನ್ನು ಹಿಂದಕ್ಕೆ ತೂರಿಸಿದರು. ನನ್ನ ಮೊಣಕಾಲು ನನ್ನ ಗಲ್ಲಕ್ಕೆ ಬಂತು. ಗೋಪಿನಾಥ್ ಮುಂದೆ ಎಡಕ್ಕೆ ಕುಳಿತ. ಸ್ಟಿಯರಿಂಗ್ ಹಿಡಿದವರು ಮಾವ.

"ಮಾವ, ನಿಮಗೆ ಕಾರು ಬರುತ್ತದಾ?" ಎಂದೆ.

"ಅಳಿಯಂದ್ರೆ, ಒಂದು ಕೇಜು ತುಂಬ ಜನಾನ ಪಾತಾಳಕ್ಕೆ ಇಳಿಸಿ ಮೇಲಕ್ಕೆ ತಂದೋನು ನಾನು. ಒಬ್ಬನ ಕೂದಲು ಕೊಂಕಿಲ್ಲ. ಈ ಡಬ್ಬ ಬರಾಕಿಲ್ವಾ ನಂಗೆ?"

ಇಲ್ಲಿ ಮಾವನವರ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ನಾನು ಸಾಯುವುದರಲ್ಲಿದ್ದದ್ದು ಅದರಿಂದ. ಗಣಿಯ ಎಂಜಿನ್ ಡ್ರೈವರಿಗೆ ಕೇಜು ಕಾಣುವುದಿಲ್ಲ. ಅವನು ದೂರದ ಒಂದು ಕೋಣೆಯಲ್ಲಿ ಕುಳಿತು ಕೇಜಿನ ಆಳ ತೋರಿಸುವ ಎದುರಿನ ಮುಳ್ಳನ್ನು ನೋಡುತ್ತಾ, ಕೆಳಗಿನವರು ಹೊಡೆಯುವ ಗಂಟೆಯನ್ನು ಕೇಳುತ್ತಾ ಇರುತ್ತಾನೆ. ಓಡುತ್ತಿರುವಾಗ ಒಂದು ಗಂಟೆ ಬಂದರೆ ತಕ್ಷಣ ನಿಲ್ಲಿಸಬೇಕು. ನಿಂತ ಮೇಲೆ ಕೆಳಗಿನಿಂದ ಸರಿಯಾದ ಗಂಟೆ ಬರುವ ತನಕ, ದೊರೆಯೇ ಬಂದು ಕಿವಿಯಲ್ಲಿ ಕೂಗಿದರೂ ಕದಲಿಸಬಾರದು. ಎಣಿಕೆ ತಪ್ಪಿ ಗಂಟೆ ಢಣಢಣ ಹೊಡೆದುಕೊಂಡರೆ ಕೆಳಗೆ ಅಪಘಾತವೆಂದು ಅರ್ಥ, ಆಗ ಎಲ್ಲ ಆರಿಸಿ ಬ್ರೇಕು ಬಿಗಿದು ಕೈ ತೆಗೆಯಬೇಕು. ಹೀಗೆ ಮಾಡಿ ಮಾಡಿ ಮಾವನವರ ಕೈಕಾಲು ಅವರ ಮಾತು ಕೇಳುವುದನ್ನು ಬಿಟ್ಟು ಗಂಟೆಯ ಮಾತು ಕೇಳುತ್ತಿದ್ದವು. ಮನೆಯಲ್ಲಿ ಅತ್ತೆ ಸಾರಿನ ಸೌಟನ್ನು ಪಾತ್ರೆಗೆ ಒಮ್ಮೆ ಕುಟ್ಟಿದರೆ, ಅವರ ಬಾಯಿಗೆ ಹೊರಟ ಮುದ್ದೆಯ ತುತ್ತು ಗಾಳಿಯಲ್ಲೇ ನಿಲ್ಲುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಇನ್ನು ನಗುವುದಿಲ್ಲ.

ಕಾರು ಹೊರಟಿತು. ಮಾವ ರಸ್ತೆಯನ್ನು ನೋಡುತ್ತಿರಲಿಲ್ಲ, ವೇಗದ ಮುಳ್ಳನ್ನು ನೋಡುತ್ತಿದ್ದರು. ಎದುರಿಗೆ ಎಮ್ಮೆ ಬಂದರೂ ಅಷ್ಟೆ, ಜಟಕಾ ಬಂದರೂ ಅಷ್ಟೆ. ಗೋಪಿನಾಥ್ ಕೈ ಚಾಚಿ ಸ್ಟಿಯರಿಂಗನ್ನು ಆಚೆ ಈಚೆ ತಳ್ಳುತ್ತಾ, ನಗುತ್ತಾ, ಪೆಟ್ರೋಲಿನ ಉಳಿತಾಯದ ಬಗ್ಗೆ ಹೇಳುತ್ತಿದ್ದ. ಊರಾಚೆ ರೈಲ್ವೆ ಗೇಟು ಬಂತು. ಗೇಟಿನವನು ಹಸಿರು ಕೆಂಪು ಬಾವುಟ ಕಂಕುಳಲ್ಲಿಟ್ಟುಕೊಂಡು ಇನ್ನೇನು ಗೇಟು ಹಾಕುವುದರಲ್ಲಿದ್ದ. ನಮ್ಮನ್ನು ನೋಡಿ, ಬೇಗ ದಾಟಿ ಎಂದು ಕೈ ಬೀಸಿದ. ಕಾರು ಹಳಿಯ ಮೇಲೆ ಹತ್ತಿತು.

ಆಗ ಗೋಪಿನಾಥ್, "ಹಳಿ ಹತ್ತಿದರೂ ಎಲ್ಲಾದರೂ ಅಲುಗಾಡಿತಾ? ನೋಡಿ ಸಾರ್, ಎಂಥ ತಗಡು!" ಎಂದು ಕೈ ಹೊರಗೆ ಹಾಕಿ ಬಾಗಿಲನ್ನು ಒಮ್ಮೆ ಬಡಿದ.

ಢಣ್.

ಕಾರು ನಿಂತಿತು. ಅಷ್ಟು ಅಚ್ಚುಕಟ್ಟಾಗಿ ಯಾವ ಕಾರೂ ನಿಂತದ್ದನ್ನು ನಾನು ನೋಡಿಲ್ಲ. ಎರಡು ಹಳಿಗಳ ನಡುವೆ, ಅಳತೆ ಹಿಡಿದು ಇಟ್ಟಂತೆ.

"ಮಾವ, ನಡೀರಿ!" ಎಂದೆ.

ಮಾವ ಕದಲಲಿಲ್ಲ. ಕಣ್ಣು ಮುಳ್ಳಿನ ಮೇಲೆ, ಕಿವಿ ಎಲ್ಲೋ ಕೆಳಗೆ. "ತಡೀರಿ. ಗಂಟೆ ಬರ್ಲಿ," ಎಂದರು.

"ಯಾವ ಗಂಟೆ? ಇದು ರೈಲು ಹಳಿ ಮಾವ!"

"ಕೂಗ್ಬ್ಯಾಡಿ. ಕೂಗಿದ್ರೆ ಎಂಜಿನ್ ಬಿಡಾಕಿಲ್ಲ ನಾನು."

ತಿರುವಿನಲ್ಲಿ ಹೊಗೆ ಕಾಣಿಸಿತು. ಮಾರಿಕುಪ್ಪಂ ಕಡೆಯಿಂದ ಬರುವ ಪ್ಯಾಸೆಂಜರು. ಅದನ್ನು ಜೀವಮಾನವೆಲ್ಲ ತಡವಾಗಿ ಬರುವ ರೈಲೆಂದು ಬೈದಿದ್ದೇನೆ. ಅವತ್ತು ಅದು ಸರಿಯಾದ ಹೊತ್ತಿಗೆ ಬಂತು. ಗೋಪಿನಾಥ್ ಬಾಗಿಲು ತೆರೆದು, ಟೈ ಬೆನ್ನ ಮೇಲೆ ಹಾರಾಡುತ್ತಿರಲು, ರಾಗಿ ಹೊಲದಲ್ಲಿ ಓಡಿದ. ನಾನು ಗಾಬರಿಯಲ್ಲಿ ಎರಡೂ ಮುಷ್ಟಿಯಿಂದ ತಗಡನ್ನು ಬಡಿಯತೊಡಗಿದೆ. ಢಣಢಣಢಣಢಣ. ಮಾವನವರ ಮುಖ ಬಿಳಿಚಿಕೊಂಡಿತು.

"ಅಯ್ಯೋ ದೇವ್ರೇ, ಆಕ್ಸಿಡೆಂಟು!" ಎಂದವರೇ ಎಂಜಿನ್ ಆರಿಸಿದರು, ಬ್ರೇಕು ಬಿಗಿದರು, ಕೈ ಮೇಲೆತ್ತಿದರು, ಇಳಿದರು. ಯಾರಿಗೆ ಏಟಾಗಿದೆಯೋ ನೋಡಲು ಇಳಿದರಂತೆ. ರೈಲು ಕೂಗಿದಾಗಲೇ ಅವರಿಗೆ ತಾವು ಎಲ್ಲಿದ್ದೇವೆಂದು ತಿಳಿದದ್ದು.

ನಾನು ಒಳಗೇ ಇದ್ದೆ. ದಾರಿ ತೆರೆದೇ ಇತ್ತು. ಸೀಟು ಮಡಚಿ ಇಳಿಯುವುದು ಮಗುವಿನ ಕೆಲಸ. ಗೇಟಿನ ಆಚೆ ಸಂತೆಯಿಂದ ಬರುತ್ತಿದ್ದ ಜನ ಕೂಗುತ್ತಿದ್ದರು: "ಇಳೀರಿ ಮೇಷ್ಟ್ರೇ!" "ದಿಗಂಡಿ ಸಾರ್, ದಿಗಂಡಿ!" "ಇರಂಗುಂಗ ಸಾರ್!" ಕನ್ನಡ, ತೆಲುಗು, ತಮಿಳು ಮೂರೂ ನನಗೆ ಚೆನ್ನಾಗಿ ಅರ್ಥವಾಗುತ್ತವೆ. ಕಾಲುಗಳಿಗೆ ಒಂದೂ ಅರ್ಥವಾಗಲಿಲ್ಲ. ನಾನು ನೆಟ್ಟಗೆ ಕುಳಿತು ರೈಲನ್ನು ನೋಡುತ್ತಿದ್ದೆ. ಎಂಜಿನ್ನಿನ ಮುಂದಿನ ದೀಪದ ಗಾಜಿಗೆ ಒಂದು ಸೀಳು ಇತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಸೀಳು ಕಾಣುತ್ತದೆ. ಜಯಮ್ಮನಿಗೆ 'ಬೇಡ' ಎನ್ನುವುದಾಗಿ ಮಾತು ಕೊಟ್ಟಿದ್ದೆ, ಇನ್ನೂ ಅನ್ನಲಿಲ್ಲವಲ್ಲ ಎಂಬುದೊಂದೇ ಯೋಚನೆ.

ಗೇಟಿನವನು ಕೆಂಪು ಬಾವುಟ ಬೀಸುತ್ತಾ ಹಳಿಯುದ್ದಕ್ಕೂ ಓಡಿದ. ಜನ ನುಗ್ಗಿದರು. ಬ್ರೇಕು ಬಿಗಿದಿದ್ದರಿಂದ ತಳ್ಳಿದರೆ ಕಾರು ಕದಲಲಿಲ್ಲ. "ಎತ್ರಲಾ!" ಎಂದ ಯಾರೋ. ಎತ್ತಿದರು. ನನ್ನ ಸಮೇತ, ಮದುವೆಯ ಗಂಡನ್ನು ಎತ್ತಿದ ಹಾಗೆ ಎತ್ತಿ ಆಚೆಗೆ ತಂದು ಇಳಿಸಿದರು. ಎತ್ತಿದವರಲ್ಲಿ ಮಾವನೂ ಒಬ್ಬರು. ಬ್ರೇಕು ಕಿರುಚುತ್ತಾ ರೈಲು ನಾನು ಇದ್ದ ಜಾಗವನ್ನು ದಾಟಿ ನಿಂತಿತು. ಗಾಳಿಗೆ ಕ್ಯಾನ್‌ವಾಸು ಪಟಪಟ ಎಂದಿತು.

ಇನ್ನು ಸಣ್ಣ ಕಾರಿನ ಕಥೆ ಮುಗಿಯಿತೆಂದು ನೀವು ಎಣಿಸಿದರೆ ನಮ್ಮ ಜನ ನಿಮಗೆ ಗೊತ್ತಿಲ್ಲ. ಅದರ ವ್ಯಾಪಾರ ಶುರುವಾದದ್ದೇ ಆಗ.

"ಕೈಯಲ್ಲಿ ಎತ್ತಬೌದು ಕಣ್ಲಾ! ಮಳೆಗಾಲ್ದಾಗೆ ಕೆಸರಲ್ಲಿ ಊತ್ಕೊಂಡ್ರೆ ಎತ್ತಿ ಮಡಗೋದೇ!" ಎಂದ ಹಾಲಿನ ನಾರಾಯಣಪ್ಪ.

"ಅದಿರ್ಲಿ, ಮೇಷ್ಟ್ರನ್ನ ನೋಡಿದೇನ್ಲಾ? ರೈಲು ಮ್ಯಾಲೆ ಬಂದ್ರೂ ಇಳೀಲಿಲ್ಲ! ಕಾರಿನ ಮ್ಯಾಲೆ ಎಂಥ ನಂಬ್ಕೆ!" ಎಂದ ಅವನ ಪಕ್ಕದವನು.

ಗೋಪಿನಾಥ್ ರಾಗಿ ಹೊಲದಿಂದ ಮರಳಿ ಬಂದು, ಪ್ಯಾಂಟಿನ ಮಣ್ಣು ಕೊಡವುತ್ತಲೇ ಮಾತು ಎತ್ತಿಕೊಂಡ. "ಓದಿದವರು ಸುಮ್ಮನೆ ಕೂರುತ್ತಾರಾ? ಗಟ್ಟಿ ಇದೆ ಅಂತ ಗೊತ್ತಿದ್ದೇ ಕುಳಿತರು." ನಾನು ಬಾಯಿ ತೆರೆದು, "ಇಲ್ಲ, ಭಯಕ್ಕೆ ಕಾಲು ಬರಲಿಲ್ಲ," ಎಂದೆ. ಎಲ್ಲರೂ ನಕ್ಕರು. "ನೋಡ್ರಪ್ಪ, ಎಂಥ ವಿನಯ!" ಎಂದರು. ಪಕ್ಕದ ಟೀ ಅಂಗಡಿಯವನು ನನ್ನನ್ನು ಕಾರಿನಿಂದ ಹೊರಗೆಳೆದು, ಕಾಸು ತೆಗೆದುಕೊಳ್ಳದೆ ಟೀ ಕೊಟ್ಟ. ಅದರಲ್ಲಿ ಅರ್ಧ ನನ್ನ ಅಂಗಿಯ ಮೇಲೆ ಹೋಯಿತು. ನಾಲ್ಕಾರು ಜನ, ಮೇಷ್ಟ್ರು ಕುಳಿತ ಕಾರೇ ನಮಗೂ ಬೇಕೆಂದು ಗೋಪಿನಾಥನನ್ನು ಮುತ್ತಿಕೊಂಡಿದ್ದರು. ಅಲ್ಲಿಯವರೆಗೆ ಒಂದೂ ಮಾರದ ಕಾರು, ನಾನು ಇಳಿಯದೆ ಕುಳಿತಿದ್ದರಿಂದ ಮಾರಾಟಕ್ಕೆ ನಿಂತಿತ್ತು.

ಮಾವನವರ ಮುಖದಲ್ಲಿ ಅಳಿಯನ ಮೇಲೆ ಅಂಥ ಹೆಮ್ಮೆಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. "ಅಳಿಯಂದ್ರೆ, ಹತ್ತಿ. ಈಗ್ಲೇ ಬೆಂಗಳೂರಿಗೆ ಓಗಿ ರುಜು ಆಕಿ ಬರಾಣ," ಎಂದು ಬಾಗಿಲು ತೆರೆದು ಸೀಟು ಮಡಚಿದರು.

ನಾನು ಆ ಕತ್ತಲ ಸೀಟನ್ನು ನೋಡಿದೆ. ಜಯಮ್ಮ ನೆನಪಾಗಲಿಲ್ಲ, ಹಣ ನೆನಪಾಗಲಿಲ್ಲ, ಅರ್ಥಶಾಸ್ತ್ರವಂತೂ ನೆನಪಾಗಲೇ ಇಲ್ಲ. "ನಾನು ಹತ್ತಲ್ಲ," ಎಂದೆ.

"ಯಾಕೆ?"

"ಜನ್ಮದಲ್ಲಿ ಹತ್ತಲ್ಲ ಮಾವ. ಹೊಡೆದರೂ ಹತ್ತಲ್ಲ."

ಮಾವ ನನ್ನನ್ನು ನೋಡಿದರು, ಕಾರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಗೋಪಿನಾಥನ ಕಡೆ ತಿರುಗಿ ನಿಧಾನವಾಗಿ, "ಸ್ವಾಮಿ, ರೈಲಿಗೇ ಎದರ್ಕೊಳ್ದೇ ಇರೋ ಮನ್ಸ ಇದಕ್ಕೆ ಎದರ್ಕೊಂತಾವ್ನೆ ಅಂದ್ರೆ, ಒಳಗೆ ಏನೋ ನೋಡವ್ನೆ. ನಂಗೆ ಬ್ಯಾಡ," ಎಂದರು. ನಾರಾಯಣಪ್ಪನೂ ಮೆಲ್ಲಗೆ ಕ್ಯಾನು ಎತ್ತಿಕೊಂಡ. ಮೇಷ್ಟ್ರು ಒಲ್ಲೆನೆಂದ ಕಾರು ತಮಗೇಕೆಂದು ಒಬ್ಬೊಬ್ಬರಾಗಿ ಗೇಟು ದಾಟಿದರು. ಗೋಪಿನಾಥ್ ಅಂದೇ ಇಲಿಬೋನಿನ ಸಮೇತ ಬೆಂಗಳೂರಿಗೆ ಹೋದವನು ಮತ್ತೆ ಬರಲಿಲ್ಲ. ಮಾವನವರು ಆ ಹಣದಲ್ಲಿ ಎರಡು ಸೀಮೆ ಹಸು ಕೊಂಡರು. ಅವು ನಿಂತರೆ ನಿಲ್ಲುತ್ತವೆ, ನಡೆದರೆ ನಡೆಯುತ್ತವೆ, ಯಾರ ಗಂಟೆಯನ್ನೂ ಕೇಳುವುದಿಲ್ಲ.

ಜಯಮ್ಮನಿಗೆ ಗಂಡನ ಬುದ್ಧಿವಂತಿಕೆಯ ಮೇಲೆ ಈಗ ಅಪಾರ ಗೌರವ. ಊರಿಗೆ ನನ್ನ ಧೈರ್ಯದ ಮೇಲೆ. ಹೋದ ವಾರ ಶಾಲೆಯ ಪ್ರಯೋಗಶಾಲೆಗೆ ನಾಗರಹಾವು ನುಗ್ಗಿದಾಗ, ಹೆಡ್‌ಮಾಸ್ತರು ಬೇರೆ ಯಾರನ್ನೂ ಕರೆಯಲಿಲ್ಲ. ನನ್ನನ್ನು ಒಳಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿಕೊಂಡರು. ಅದು ಹೆಡೆ ಎತ್ತಿತು. ನಾನು ಅದರ ಮುಂದೆ ಎಷ್ಟೋ ಹೊತ್ತು ಕದಲದೆ ನಿಂತಿದ್ದೆ. ಕೊನೆಗೆ ಹಾವೇ ಬೇಸತ್ತು ಕಿಟಕಿಯಿಂದ ಹೊರಗೆ ಹೋಯಿತು. ಹೊರಗೆ ಮಕ್ಕಳು ಚಪ್ಪಾಳೆ ತಟ್ಟಿದರಂತೆ. ನನಗೆ ಕೇಳಿಸಲಿಲ್ಲ, ನನ್ನನ್ನು ಎತ್ತಿಕೊಂಡೇ ಹೊರಗೆ ತರಬೇಕಾಯಿತು.